ನಾಲ್ಕೂಕಾಲು ಸ್ಟಾರಿನ ಲ್ಯಾಪ್‌ಟಾಪ್

ನನ್ನ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕೆಲಸ ಹೋಟೆಲುಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ಫೈಲ್ ಮಾಡುವುದು. ಮಾಟುಂಗದಿಂದ ಥಾಣೆವರೆಗಿನ ನಮ್ಮ ಊರ ಕಡೆಯವರ ಹೋಟೆಲುಗಳೇ ನನ್ನ ಗಿರಾಕಿಗಳು. ಕಂಪ್ಯೂಟರ್ ಓದಿದವನಲ್ಲ ನಾನು. ಆದರೂ ಕಳೆದ ಐದಾರು ವರ್ಷದಲ್ಲಿ ಮನೆಗೆ, ಆಫೀಸಿಗೆ, ನೆಂಟರಿಗೆ, ಗಿರಾಕಿಗಳಿಗೆ ಅಂತ ಒಂಬತ್ತು ಮೆಷಿನ್ ತೆಗೆಸಿಕೊಟ್ಟಿದ್ದೇನೆ. ನಾಲ್ಕು ಹೊಸದು, ಐದು ರಿಫರ್ಬಿಶ್ಡ್, ಅಂದರೆ ಯಾರೋ ಬಳಸಿದ್ದನ್ನು ಸರಿಮಾಡಿ ಮತ್ತೆ ಮಾರುವಂಥದ್ದು. ಮೊದಲನೆಯದರಲ್ಲೇ ಸರಿಯಾಗಿ ಟೋಪಿ ಹಾಕಿಸಿಕೊಂಡೆ.

ಅದು 2021. ಮಗಳಿಗೆ ಆನ್‌ಲೈನ್ ಕ್ಲಾಸು, ಅಂಗಡಿಗಳೆಲ್ಲ ಬಂದ್. ಫೋನಿನಲ್ಲೇ ಹುಡುಕಿ ಒಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ತರಿಸಿದೆ. ನಾಲ್ಕೂಕಾಲು ಸ್ಟಾರ್, ನೂರಾರು ರಿವ್ಯೂ. ಇಷ್ಟು ಜನ ಒಳ್ಳೆಯದು ಅಂದಮೇಲೆ ಇನ್ನೇನು ಅಂತ ದುಡ್ಡು ಕಟ್ಟಿದೆ. ಬಂದ ಮೆಷಿನ್ ನೋಡೋಕೆ ಚೆನ್ನಾಗೇ ಇತ್ತು, ಗೀರೂ ಇರಲಿಲ್ಲ. ಆದರೆ ನಲವತ್ತು ನಿಮಿಷದ ಕ್ಲಾಸಿನಲ್ಲಿ ಇಪ್ಪತ್ತೈದನೇ ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. "ಅಪ್ಪಾ, ಮತ್ತೆ ಹೋಯ್ತು" ಅನ್ನುವುದು ಮನೆಯ ದಿನದ ಮಾತಾಯಿತು. ನಮ್ಮದು ಸಣ್ಣ ಫ್ಲಾಟು, ಪ್ಲಗ್ ಪಾಯಿಂಟ್ ಇರುವುದು ಟಿವಿ ಹಿಂದೆ. ಅಲ್ಲಿಂದ ಹಾಲಿನ ಉದ್ದಕ್ಕೂ ವೈರ್ ಎಳೆದು ಮಗಳನ್ನು ಕೂರಿಸಬೇಕಾಯಿತು. ಅಮ್ಮ ಎರಡು ಸಲ ಅದಕ್ಕೆ ಎಡವಿದರು. ವಾಪಸ್ ಮಾಡೋಣ ಅಂದರೆ ಬ್ಯಾಟರಿಗೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ಆ ರಾತ್ರಿ ಸಿಟ್ಟಿನಲ್ಲಿ ಅದೇ ರಿವ್ಯೂಗಳನ್ನು ಮತ್ತೆ ಓದಿದೆ. ಈ ಸಲ ಸ್ಟಾರ್ ನೋಡಲಿಲ್ಲ, ಬರೆದದ್ದನ್ನು ಓದಿದೆ. "ಎರಡೇ ದಿನಕ್ಕೆ ಬಂತು, ಪ್ಯಾಕಿಂಗ್ ಸೂಪರ್." ಐದು ಸ್ಟಾರ್. "ಡೆಲಿವರಿ ಹುಡುಗ ತುಂಬಾ ಒಳ್ಳೆಯವನು." ಐದು ಸ್ಟಾರ್. ಒಬ್ಬರಂತೂ ಬಿಚ್ಚದ ಡಬ್ಬಿಯ ಫೋಟೋ ಹಾಕಿ "ಅದ್ಭುತ ಲ್ಯಾಪ್‌ಟಾಪ್" ಅಂತ ಬರೆದಿದ್ದರು. ಒಂದು ಐವತ್ತು ಓದಿರಬಹುದು. ಒಂದು ತಿಂಗಳಾದರೂ ಬಳಸಿ ಬರೆದವರು ಏಳೇ ಜನ. ಅದರಲ್ಲಿ ಐದು ಜನ ಬ್ಯಾಟರಿ ಬಗ್ಗೆ ಅತ್ತಿದ್ದರು. ಎಲ್ಲ ಅಲ್ಲೇ ಇತ್ತು. ಓದದೆ ಇದ್ದವನು ನಾನು.

ನಾಚಿಕೆ ಆಗಿದ್ದು ಯಾಕೆಂದರೆ ನನ್ನ ಹೊಟ್ಟೆಪಾಡೇ ಇದು. ಲೆಕ್ಕದಲ್ಲಿ ಕೊನೆಯ ಟೋಟಲ್ ನೋಡಿ ಯಾರೂ ನಂಬುವುದಿಲ್ಲ. ವೋಚರ್ ತೆಗೆದು ನೋಡುತ್ತೇವೆ. ತಾರೀಕು ಏನು, ಯಾವುದಕ್ಕೆ ಕೊಟ್ಟದ್ದು, ಬಿಲ್ಲಿನಲ್ಲಿ ಕೈಬರಹ ಒಂದೇ ತರ ಇದೆಯಾ, ಎಲ್ಲ ಬಿಲ್ಲೂ ಒಂದೇ ದಿನ ಹುಟ್ಟಿದೆಯಾ. ಹೋಟೆಲಿನ ತರಕಾರಿ ಬಿಲ್ಲಿಗೆ ಇಷ್ಟು ಅನುಮಾನ ಪಡುವವನು ಇಷ್ಟು ದುಡ್ಡು ಕೊಡುವಾಗ ಟೋಟಲ್ ನೋಡಿ ಸಹಿ ಹಾಕಿದ್ದೆ.

ಅಲ್ಲಿಂದ ಮುಂದೆ ರಿವ್ಯೂಗಳನ್ನು ವೋಚರ್ ತರಾನೇ ನೋಡುತ್ತೇನೆ. ಮೊದಲು ತಾರೀಕು. ಹೊಸದು ಮೇಲೆ ಬರುವ ಹಾಗೆ ಜೋಡಿಸಿಕೊಳ್ಳುತ್ತೇನೆ. ಹಳೆಯ ಒಳ್ಳೆ ಹೆಸರಿನ ಮೇಲೆ ಬದುಕುವ ಅಂಗಡಿಗಳು ಜಾಸ್ತಿ. ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದು, ಒಂದೇ ವಾರದಲ್ಲಿ ಮೂವತ್ತು ಹೊಗಳಿಕೆ ಬಿದ್ದಿದ್ದರೆ ಅಲ್ಲಿಗೇ ಮುಚ್ಚುತ್ತೇನೆ. ಆಮೇಲೆ ಮೂರು ಸ್ಟಾರಿನವರು. ಐದು ಕೊಟ್ಟವನು ಖುಷಿಯಲ್ಲಿರುತ್ತಾನೆ, ಒಂದು ಕೊಟ್ಟವನು ಸಿಟ್ಟಿನಲ್ಲಿರುತ್ತಾನೆ. ಮೂರು ಕೊಟ್ಟವನು ಯೋಚನೆ ಮಾಡಿರುತ್ತಾನೆ. "ಕೀಬೋರ್ಡ್ ಚೆನ್ನಾಗಿದೆ, ಸ್ಪೀಕರ್ ಕೇಳಿಸಲ್ಲ, ಈ ರೇಟಿಗೆ ಓಕೆ" ಅಂತ ಬರೆಯುವುದು ಅವನೇ.

ಹೊಸ ಮೆಷಿನ್ ವಿಷಯ ಬೇರೆ. ಅಕ್ಕನ ಮಗನ ಎಂಜಿನಿಯರಿಂಗ್‌ಗೆ ಅಂತ ನೋಡುವಾಗ ಇನ್ನೊಂದು ಮೋಸ ಕಣ್ಣಿಗೆ ಬಿತ್ತು. ಮೋಸ ಅನ್ನಬಾರದೇನೋ, ಗೊಂದಲ ಅನ್ನೋಣ. ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆ: 8 ಜಿಬಿ, 16 ಜಿಬಿ, ಬೇರೆ ಪ್ರೊಸೆಸರ್, ಬೇರೆ ಸ್ಕ್ರೀನ್. ರಿವ್ಯೂ ಮಾತ್ರ ಎಲ್ಲದ್ದೂ ಒಂದೇ ರಾಶಿ. ಸ್ಕ್ರೀನ್ ಹೊಗಳಿದವರೆಲ್ಲ ದುಬಾರಿಯದನ್ನು ಕೊಂಡವರು. ನಾವು ನೋಡುತ್ತಿದ್ದ ಅಗ್ಗದ್ದರಲ್ಲಿ ಆ ಸ್ಕ್ರೀನೇ ಇರಲಿಲ್ಲ. ಯಾರು ಯಾವುದನ್ನು ಕೊಂಡರು ಅಂತ ಹೆಸರಿನ ಕೆಳಗೆ ಸಣ್ಣದಾಗಿ ಇರುತ್ತದೆ. ಅಷ್ಟು ನೋಡಿದರೆ ಸಾಕು. ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದುಕೊಂಡು ಹುಡುಕಿದರೆ ಇನ್ನೂ ಒಳ್ಳೆಯದು.

ಆದರೆ ರಿಫರ್ಬಿಶ್ಡ್‌ನಲ್ಲಿ ಈ ಲೆಕ್ಕವೇ ತಲೆಕೆಳಗು. ಇದು ಅರ್ಥವಾಗಲು ನನಗೆ ಮೂರನೇ ಮೆಷಿನ್ ಆಗಬೇಕಾಯಿತು. ಹೊಸದರಲ್ಲಿ ನಿಮಗೆ ಬಂದದ್ದೂ ನನಗೆ ಬಂದದ್ದೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಿಮ್ಮ ರಿವ್ಯೂ ನನಗೆ ಉಪಯೋಗಕ್ಕೆ ಬರುತ್ತದೆ. ಹಳೆಯದರಲ್ಲಿ ಒಂದೊಂದು ಮೆಷಿನ್‌ಗೂ ಒಂದೊಂದು ಜಾತಕ. ಒಂದು ಎಸಿ ರೂಮಿನ ಮೇಜಿನ ಮೇಲೆ ಬದುಕಿರುತ್ತದೆ, ಇನ್ನೊಂದು ಸೇಲ್ಸ್‌ನವನ ಬ್ಯಾಗಿನಲ್ಲಿ ಮೂರು ವರ್ಷ ಲೋಕಲ್ ಟ್ರೇನಿನಲ್ಲಿ ನಜ್ಜುಗುಜ್ಜಾಗಿರುತ್ತದೆ. ಅಲ್ಲಿ ಮೆಷಿನ್ ಬಗ್ಗೆ ಬರೆದ ರಿವ್ಯೂ ಓದಿ ಸುಖವಿಲ್ಲ. ಮಾರುವವನ ಬಗ್ಗೆ ಬರೆದದ್ದನ್ನು ಓದಬೇಕು. ಎ ಗ್ರೇಡ್, ಅಂದರೆ ಹೆಚ್ಚು ಸವೆಯದ ಒಳ್ಳೆ ಮಾಲು, ಅಂದಾಗ ಎ ಗ್ರೇಡೇ ಕೊಟ್ಟನಾ? ಕೆಟ್ಟಾಗ ಫೋನ್ ಎತ್ತಿದನಾ? ದುಡ್ಡು ವಾಪಸ್ ಕೊಟ್ಟನಾ, ಇಲ್ಲ ಬೇರೆ ಮೆಷಿನ್ ಕೊಡ್ತೀನಿ ಅಂತ ತಿಂಗಳು ಓಡಾಡಿಸಿದನಾ?

2025ರ ಶುರುವಿನಲ್ಲಿ ಇದನ್ನೆಲ್ಲ ಒಟ್ಟಿಗೆ ಪರೀಕ್ಷೆ ಮಾಡುವ ಅವಕಾಶ ಬಂತು. ನನ್ನ ಗಿರಾಕಿ ಶೆಟ್ರ ಹೋಟೆಲಿನ ಕೌಂಟರಿಗೆ ಲ್ಯಾಪ್‌ಟಾಪ್ ಬೇಕಿತ್ತು. ಗಲ್ಲಾಪೆಟ್ಟಿಗೆ, ಸೋಂಪಿನ ತಟ್ಟೆ, ಗಣಪತಿ ಫೋಟೋ, ಇಷ್ಟರ ನಡುವೆ ಡೆಸ್ಕ್‌ಟಾಪ್ ಇಡಲು ಜಾಗ ಇರಲಿಲ್ಲ. ಅಂಗಡಿಗಳ ರಿವ್ಯೂ ಓದುತ್ತಿದ್ದೇನೆ ಅಂದಾಗ ಶೆಟ್ರು ನಕ್ಕರು.

"ಭಟ್ರೇ, ನೀವು ಅದನ್ನು ನಂಬ್ತೀರಾ ಮಾರಾಯ್ರೇ? ನಮಗೂ ಫೋನ್ ಬರ್ತದೆ. ನೂರು ಸ್ಟಾರ್ ಬೇಕಾ, ಇನ್ನೂರು ಬೇಕಾ ಅಂತ. ಇಡ್ಲಿಯ ಮುಖ ನೋಡದವನು ಇಡ್ಲಿ ಸೂಪರ್ ಅಂತ ಬರೆದು ಕೊಡ್ತಾನೆ."

"ನೀವು ತಗೊಂಡ್ರಾ?"

"ನಮ್ಮ ಇಡ್ಲಿಗೆ ಅದೆಲ್ಲ ಬೇಡ. ಆದ್ರೆ ಆಚೆ ಬದಿಯವ ತಗೊಂಡಿದ್ದಾನೆ. ನೋಡಿ ಬೇಕಾದ್ರೆ."

ನೋಡಿದೆ. ಬರೆದವರ ಹೆಸರು ಒತ್ತಿದರೆ ಅವರು ಬೇರೆ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಸಾಮಾನ್ಯವಾಗಿ ಕಾಣಿಸುತ್ತದೆ. ಆ ಹೋಟೆಲಿನ ಊಟ ಹೊಗಳಿದ ಪುಣ್ಯಾತ್ಮ ಅದೇ ವಾರ ಜೈಪುರದಲ್ಲಿ ಡಾಕ್ಟರಿಗೆ ಹಲ್ಲು ತೋರಿಸಿ, ಕೊಯಮತ್ತೂರಿನಲ್ಲಿ ಮದುವೆ ಹಾಲ್ ನೋಡಿ, ಗುವಾಹಟಿಯಲ್ಲಿ ಕಾರು ರಿಪೇರಿ ಮಾಡಿಸಿದ್ದ. ಎಲ್ಲ ಕಡೆಯೂ ಐದು ಸ್ಟಾರ್. ಇದೇ ಉಪಾಯವನ್ನು ಕಂಪ್ಯೂಟರ್ ಅಂಗಡಿಗಳಿಗೆ ಹಾಕಿದೆ. ಪಟ್ಟಿಯಲ್ಲಿದ್ದ ಆರರಲ್ಲಿ ಮೂರು ಅಲ್ಲೇ ಉದುರಿದವು.

ನಿಯಮ ಇಲ್ಲ ಅಂತಲ್ಲ. ಮಾರುವವನು ಗಿರಾಕಿಯ ವೇಷ ಹಾಕಿ ರಿವ್ಯೂ ಬರೆಯಬಾರದು ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. 2022ರ ನವೆಂಬರಿನಲ್ಲಿ ಕೇಂದ್ರದ ಮಾನಕ ಸಂಸ್ಥೆ ಬಿಐಎಸ್‌ನವರು ಆನ್‌ಲೈನ್ ರಿವ್ಯೂಗಳಿಗೇ ಅಂತ ಐಎಸ್ 19000 ಅನ್ನುವ ಮಾನದಂಡ ತಂದರು. ತಂದಾಗ ಅದನ್ನು ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟಿತ್ತು. ಇಷ್ಟಕ್ಕೆ ಬಿಟ್ಟರೆ ನಮ್ಮಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ.

ಉಳಿದ ಮೂರು ಅಂಗಡಿಗಳಲ್ಲಿ ಒಂದಕ್ಕೆ ಬಿದ್ದಿದ್ದ ಒಂದು ಸ್ಟಾರಿನ ರಿವ್ಯೂ ನನ್ನನ್ನು ತಡೆದು ನಿಲ್ಲಿಸಿತು. "ರೀಸೆಟ್ ಮಾಡಿದ ಮೇಲೆ ಯಾವುದೋ ಕಂಪನಿಯ ಹೆಸರು ಬರುತ್ತಿದೆ, ಅವರ ಇಮೇಲ್ ಕೇಳುತ್ತಿದೆ." ಮೊದಲಾಗಿದ್ದರೆ ಕಂಪ್ಯೂಟರ್ ಬಾರದವನು ಏನೋ ಬರೆದಿದ್ದಾನೆ ಅಂತ ಮುಂದೆ ಹೋಗುತ್ತಿದ್ದೆ. ಐಟಿಯಲ್ಲಿರುವ ಪಕ್ಕದ ಮನೆಯ ಹುಡುಗ ಬಿಡಿಸಿ ಹೇಳಿದ. ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ತಮ್ಮ ಖಾತೆಗೆ ನೋಂದಾಯಿಸಿರುತ್ತವೆ. ಮಾರುವಾಗ ಹೆಸರು ತೆಗೆಸದಿದ್ದರೆ ಮೆಷಿನ್ ಇನ್ನೂ ಅವರದ್ದೇ ಅಂದುಕೊಂಡಿರುತ್ತದೆ. ಇರುವ ವಿಂಡೋಸ್‌ನಲ್ಲಿ ಸುಮ್ನೆ ಓಡುತ್ತಿರುತ್ತದೆ. ರೀಸೆಟ್ ಮಾಡಿ ನೆಟ್‌ಗೆ ಸೇರಿಸಿದ ದಿನ ಹಳೆಯ ಯಜಮಾನನ ಹೆಸರು ಹೇಳುತ್ತದೆ.

ಆ ಅಂಗಡಿಯನ್ನೂ ಬಿಡಲಿಲ್ಲ. ಯಾಕೆಂದರೆ ಆ ರಿವ್ಯೂ ಕೆಳಗೆ ಮಾಲೀಕ ಜಗಳ ಆಡದೆ "ತಂದು ಕೊಡಿ, ಬದಲಾಯಿಸುತ್ತೇವೆ" ಅಂತ ಬರೆದಿದ್ದ. ಎರಡು ವಾರದ ನಂತರ ಬರೆದವನೇ "ಬದಲಾಯಿಸಿದರು" ಅಂತ ಸೇರಿಸಿದ್ದ. ನೂರು ಐದು ಸ್ಟಾರಿಗಿಂತ ನನಗೆ ಇದು ಹೆಚ್ಚು.

ಒಂದು ಮಂಗಳವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. ಆ ಅಂಗಡಿ ಇರುವುದು ಅಲ್ಲೇ ಪಕ್ಕದ ಲ್ಯಾಮಿಂಗ್ಟನ್ ರೋಡಿನಲ್ಲಿ. ಕಂಪ್ಯೂಟರ್ ಅಂಗಡಿಗಳ ಬೀದಿ ಅದು, ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದ ಹಾಗೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್ ಅಂತ ಇದೆ. ಹಾಗೆ ಕರೆದು ದಾರಿ ಕೇಳಿದರೆ ಎಷ್ಟು ಜನ ತೋರಿಸುತ್ತಾರೋ. ಅಂಗಡಿಯವನು ಮೊದಲು ಅಗ್ಗದ ಮೆಷಿನ್‌ಗಳನ್ನೇ ಮುಂದಿಟ್ಟ. ಇಂಟೆಲ್ ಕಂಪನಿಯ 6ನೇ, 7ನೇ ಜೆನರೇಷನ್, ಅಂದರೆ ಹಳೆಯ ತಲೆಮಾರಿನ ಪ್ರೊಸೆಸರಿನವು. ಅವುಗಳ ರಿವ್ಯೂ ಎಲ್ಲ ಕಡೆ ಚೆನ್ನಾಗೇ ಇದ್ದವು, ಆದರೆ 2021, 2022ರವು. ಆಗ ಸರಿಯಾಗಿದ್ದ ಮಾತು ಈಗ ಸರಿಯಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ, ಅಂದರೆ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್, ಮುಗಿಯುವುದಿತ್ತು. ವಿಂಡೋಸ್ 11 ನಿಯಮದ ಪ್ರಕಾರ ಹಾಕಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜೆನರೇಷನ್‌ನಿಂದ ಮೇಲಿನದ್ದೇ ಬೇಕು. ರಿವ್ಯೂ ಬರೆದವರ ತಪ್ಪಲ್ಲ, ಕಾಲ ಮುಂದೆ ಹೋಗಿತ್ತು.

8ನೇ ಜೆನರೇಷನ್‌ದು ಒಂದು ತೆಗೆಸಿದೆ. "ಸಾಬ್, ಸಬ್ ಓಕೆ ಟೆಸ್ಟೆಡ್ ಹೈ" ಅಂದ. ಆಗಲಪ್ಪ ಅಂತ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಪರದೆ ತೆಗೆದು ಪವರ್‌ಸಿಎಫ್‌ಜಿ, ಒಂದು ಜಾಗ, ಓರೆಗೆರೆ, ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಹೊಡೆದೆ. ಅದು ಒಂದು ಫೈಲ್ ಮಾಡಿಡುತ್ತದೆ. ಅದರಲ್ಲಿ ಎರಡು ಅಂಕಿ ಮುಖ್ಯ: ಡಿಸೈನ್ ಕೆಪಾಸಿಟಿ ಅಂದರೆ ಹುಟ್ಟಿದಾಗಿನ ಶಕ್ತಿ, ಫುಲ್ ಚಾರ್ಜ್ ಕೆಪಾಸಿಟಿ ಅಂದರೆ ಈಗ ಉಳಿದದ್ದು. ಇದರಲ್ಲಿ 48,000ಕ್ಕೆ 39,000 ಉಳಿದಿತ್ತು. ನೂರಕ್ಕೆ ಎಂಬತ್ತೊಂದು. ಪರವಾಗಿಲ್ಲ. ಮಗಳ ಲ್ಯಾಪ್‌ಟಾಪಿನದ್ದು ಮೂವತ್ತೂ ಇರಲಿಲ್ಲ.

ಈಗ ನನ್ನೆದುರೇ ರೀಸೆಟ್ ಮಾಡು, ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸು ಅಂದೆ. ಅವನ ಮುಖ ಸಣ್ಣದಾಯಿತು. ಬಹಳ ಹೊತ್ತು ಹಿಡಿಯುತ್ತೆ ಸಾಬ್ ಅಂದ. ಹಿಡಿಯಲಿ ಅಂತ ಎದುರಿಗೆ ಕಟಿಂಗ್ ಚಹಾ ಕುಡಿದು ಬಂದೆ. ಮುಕ್ಕಾಲು ಗಂಟೆಯ ನಂತರ ನೀಲಿ ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಸ್ವಾಗತ ಬಂತು. ಕೆಳಗೆ ನಾನು ಕೇಳಿಯೇ ಇರದ ಒಂದು ಕಂಪನಿಯ ಹೆಸರು. ಅವನು ಮಾತಾಡದೆ ಮುಚ್ಚಿ ಪಕ್ಕಕ್ಕಿಟ್ಟ. ಏನೂ ಆಗದವನ ಹಾಗೆ ಕಪಾಟಿನಿಂದ ಇನ್ನೊಂದು ಇಳಿಸಿದ. ಮತ್ತೆ ಮುಕ್ಕಾಲು ಗಂಟೆ, ಮತ್ತೊಂದು ಕಟಿಂಗ್. ಇದರಲ್ಲಿ ಯಾರ ಹೆಸರೂ ಬರಲಿಲ್ಲ. ಬ್ಯಾಟರಿ ಎಪ್ಪತ್ತೆಂಟು. ಅಷ್ಟು ಸಾಕು ಅಂತ ಜಿಎಸ್‌ಟಿ ಬಿಲ್ ಹಾಕಿಸಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರೂ ಆರು ತಿಂಗಳ ವಾರಂಟಿಯೂ ಬರೆಸಿದೆ. ಬಾಯಿಮಾತಿನ "ಟೆಸ್ಟಿಂಗ್ ವಾರಂಟಿ" ಆ ರಸ್ತೆ ದಾಟುವವರೆಗೆ ಮಾತ್ರ.

ರಿವ್ಯೂ ನಾನೂ ಬರೆದೆ, ಆದರೆ ಆರು ತಿಂಗಳು ಕಳೆದ ಮೇಲೆ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಹೋಟೆಲ್ ಬಿಲ್ಲಿಂಗ್‌ಗೆ ಓಡುತ್ತದೆ, ಅಡುಗೆಮನೆಯ ಬಿಸಿಗೆ ಫ್ಯಾನ್ ಸ್ವಲ್ಪ ಜಾಸ್ತಿ ಸದ್ದು ಮಾಡುತ್ತದೆ, ಬ್ಯಾಟರಿ ಈಗ ಎಪ್ಪತ್ತೆರಡು, ಚಾರ್ಜರ್ ವೈರ್ ಮೂರನೇ ತಿಂಗಳಿಗೇ ಸಡಿಲ. ನಾಲ್ಕು ಸ್ಟಾರ್. ಅದೇ ಸಂಜೆ ಅಂಗಡಿಯವನ ಫೋನು.

"ಸಾಬ್, ಏಕ್ ಸ್ಟಾರ್ ಕ್ಯೂಂ ಕಾಟಾ?"

ಚಾರ್ಜರ್ ಅಂದೆ. ಹೊಸದು ಕಳಿಸುತ್ತೇನೆ, ಐದು ಮಾಡಿಬಿಡಿ ಅಂದ. ಚಾರ್ಜರ್ ಎರಡು ದಿನದಲ್ಲಿ ಬಂತು. ರಿವ್ಯೂ ಕೆಳಗೆ ಅದನ್ನೂ ಒಂದು ಸಾಲು ಸೇರಿಸಿದೆ, ಅವನು ಐದು ಕೇಳಿದ್ದನ್ನೂ ಬರೆದೆ. ಸ್ಟಾರ್ ನಾಲ್ಕೇ ಇದೆ. ಶೆಟ್ರಿಗೆ ಮಾತ್ರ ಇದು ಅಷ್ಟಾಗಿ ಸರಿಬಂದಿಲ್ಲ. "ಪಾಪ, ಚಾರ್ಜರ್ ಕೊಟ್ಟಿದ್ದಾನಲ್ಲ ಭಟ್ರೇ" ಅಂತ ಈಗಲೂ ಹೇಳುತ್ತಿರುತ್ತಾರೆ.