ಮರುಭೂಮಿಯ ಬೇಟೆ ಬಿಡಾರ: ನೀರು ಉಳಿಸುವುದು, ಮಾಂಸ ಕೆಡದಂತೆ ಕಾಯುವುದು

ಮರುಭೂಮಿಗೆ ಬೇಟೆಗೆ ಹೊರಡುವವರು ಕೋವಿ, ದುರ್ಬೀನು ಹಿಡಿದು ನೋಡುವ ಮೊದಲು ನೀರಿನ ಕ್ಯಾನುಗಳ ಮುಚ್ಚಳ ಬಿಚ್ಚಿ ಒಳಗಿನ ವಾಷರ್ ನೋಡಬೇಕು. ಹೊರಡುವ ಹಿಂದಿನ ರಾತ್ರಿ ತುಂಬಿದ ಕ್ಯಾನನ್ನು ಹಳೇ ಪೇಪರ್ ಮೇಲೆ ಅಡ್ಡ ಮಲಗಿಸಿಡಿ. ಬೆಳಿಗ್ಗೆ ಪೇಪರಿನಲ್ಲಿ ನಾಣ್ಯದಷ್ಟು ಒದ್ದೆ ಕಂಡರೂ ವಾಷರ್ ಬದಲಿಸಿ. ವಾಹನ ಇಡೀ ದಿನ ಕುಲುಕಿದರೆ ಆ ನಾಣ್ಯದಷ್ಟೇ ಒದ್ದೆ ಅರ್ಧ ಕ್ಯಾನು ನೀರನ್ನು ತಿಂದುಹಾಕುತ್ತದೆ. ದೊಡ್ಡ ಡ್ರಮ್ ಒಂದಕ್ಕಿಂತ 20 ಲೀಟರಿನ ಕ್ಯಾನುಗಳು ನಾಲ್ಕಾರು ಇರುವುದೇ ಮೇಲು. ಒಂದು ಒಡೆದರೂ ಉಳಿದವು ಇರುತ್ತವೆ, ಎತ್ತಿಳಿಸುವವರ ಸೊಂಟವೂ ಉಳಿಯುತ್ತದೆ.

ಲೆಕ್ಕ ಹೀಗೆ ಹಾಕಿ. ಬಿಸಿಲಿನಲ್ಲಿ ನಡೆದು, ಹತ್ತಿ ಇಳಿಯುವವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಸುಲಭವಾಗಿ ಹೋಗುತ್ತದೆ. ಗಾಳಿ ಒಣಗಿರುವುದರಿಂದ ಬೆವರು ಕಾಣುವುದೇ ಇಲ್ಲ, ಮೈ ಒದ್ದೆಯಾಗುವ ಮೊದಲೇ ಆರಿಹೋಗುತ್ತದೆ. ಹಾಗಾಗಿ ತಲೆಗೆ ದಿನಕ್ಕೆ ಕುಡಿಯಲು 8 ಲೀಟರ್, ಅಡುಗೆಗೂ ತೊಳೆಯುವುದಕ್ಕೂ ಸೇರಿ 3 ಲೀಟರ್ ಇಟ್ಟುಕೊಳ್ಳಿ. ಇಬ್ಬರು ನಾಲ್ಕು ದಿನಕ್ಕೆ ಹೋದರೆ 88 ಲೀಟರ್. ವಾಹನ ಕೆಟ್ಟು ನಿಂತರೆಂದು ಎರಡು ದಿನದ್ದು ಹೆಚ್ಚಿಗೆ, 44. ಒಟ್ಟು 132 ಲೀಟರ್, ಅಂದರೆ ಏಳು ಕ್ಯಾನು. ಹೆಚ್ಚಿಗೆಯ ಕ್ಯಾನುಗಳನ್ನು ಬೇರೆ ಕಟ್ಟಿ, ಮುಚ್ಚಳಕ್ಕೆ ಬಣ್ಣದ ಟೇಪು ಸುತ್ತಿಬಿಡಿ. ಇಲ್ಲದಿದ್ದರೆ ಮೂರನೇ ದಿನ ಯಾರೋ ಅದರಲ್ಲೇ ಕೈಕಾಲು ತೊಳೆದಿರುತ್ತಾರೆ.

ಬರೀ ನೀರನ್ನೇ ಕುಡಿಯುತ್ತ ಹೋದರೂ ತೊಂದರೆ. ಬೆವರಿನ ಜೊತೆ ಉಪ್ಪು ಹೋಗಿರುತ್ತದೆ. ಮೇಲೆ ನೀರು ಮಾತ್ರ ಸುರಿದರೆ ತಲೆನೋವು, ವಾಕರಿಕೆ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು ಶುರುವಾಗುತ್ತದೆ. ಊಟ ತಿಂಡಿಯಲ್ಲಿ ಉಪ್ಪು ಬಿಗಿಹಿಡಿಯಬೇಡಿ. ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಮಟ್ಟಸವಾಗಿ ಅರ್ಧ ಟೀಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಕೊಡಿ. ಚಮಚವನ್ನು ಗುಡ್ಡೆ ಮಾಡಬೇಡಿ, ಉಪ್ಪು ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮೂತ್ರ ತಿಳಿ ಹಳದಿ ಇದ್ದರೆ ಸರಿಯಾಗಿದ್ದೀರಿ, ಕಡು ಬಣ್ಣಕ್ಕೆ ತಿರುಗಿದರೆ ಆ ಹೊತ್ತಿನ ನಡಿಗೆ ನಿಲ್ಲಿಸಿ ನೆರಳಿಗೆ ಬನ್ನಿ.

ತಣ್ಣೀರಿಗೆ ಐಸ್ ಖರ್ಚು ಮಾಡಬೇಡಿ. ದಪ್ಪ ಕ್ಯಾನ್ವಾಸಿನ ನೀರುಚೀಲ ಸಾಕು. ಹೊಸ ಚೀಲವನ್ನು ಮೊದಲು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ; ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಮೊದಲ ಎರಡು ಮೂರು ತುಂಬಿನ ನೀರಿಗೆ ಬಟ್ಟೆಯ ವಾಸನೆ ಇರುತ್ತದೆ, ಅದನ್ನು ಕೈ ತೊಳೆಯಲು ಬಳಸಿ. ಚೀಲವನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ, ಯಾವುದಕ್ಕೂ ತಾಗದಂತೆ ತೂಗುಹಾಕಬೇಕು. ನೆಲಕ್ಕಿಟ್ಟರೆ ಮರಳು ಹೀರಿಕೊಂಡು ಬಿಡುತ್ತದೆ. ಹತ್ತು ಲೀಟರಿನಲ್ಲಿ 100 ಮಿಲಿಲೀಟರ್ ಆರಿದರೆ ಉಳಿದ ನೀರಿನ ಐದಾರು ಡಿಗ್ರಿ ಬಿಸಿ ಇಳಿಯುತ್ತದೆ. ಹೊರಗೆ 40 ಡಿಗ್ರಿ ಇದ್ದು ಗಾಳಿ ಚೆನ್ನಾಗಿ ಒಣಗಿದ್ದರೆ ಚೀಲದ ನೀರು 20ರಿಂದ 25ರ ನಡುವೆ ನಿಲ್ಲುತ್ತದೆ. ಕಡಲಿಗೆ ಹತ್ತಿರದ ಮರುಭೂಮಿಯಲ್ಲಿ, ಗಾಳಿಯಲ್ಲಿ ತೇವ ಇರುವ ಕಡೆ, ಇದು ನಡೆಯದು. ಅಲ್ಲಿ ಚೀಲ ಸುಮ್ಮನೆ ಸೋರುತ್ತಿರುತ್ತದೆ ಅಷ್ಟೆ.

ಇನ್ನು ಮಾಂಸ. ಪರವಾನಗಿ, ಋತು, ಯಾವ ಪ್ರಾಣಿ ಎಷ್ಟು ಎಂಬ ಕಾನೂನನ್ನೆಲ್ಲ ಪಾಲಿಸಿ ಹೊಡೆದ ಪ್ರಾಣಿಯನ್ನು ಬಿಸಿಲಿಗೆ ಕೊಟ್ಟು ಕೆಡಿಸುವುದಕ್ಕಿಂತ ದೊಡ್ಡ ಅಪಚಾರ ಈ ಕಸುಬಿನಲ್ಲಿಲ್ಲ. ಜಿಂಕೆ ಜಾತಿಯ ಪ್ರಾಣಿಯ ಮೈಬಿಸಿ 38–39 ಡಿಗ್ರಿ ಇರುತ್ತದೆ. ಸತ್ತ ಮೇಲೂ ಆ ಬಿಸಿ ತೊಗಲಿನೊಳಗೆ ಕಂಬಳಿ ಹೊದ್ದಂತೆ ಕೂತಿರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಅದೇ. ಆದ್ದರಿಂದ ಫೋಟೋ ಆಮೇಲೆ. ಮೊದಲು ಕರುಳು ತೆಗೆಯಿರಿ, ಹಿಂದೆಯೇ ತೊಗಲು ಸುಲಿಯಿರಿ. ತಂಪು ದೇಶದ ಬೇಟೆಗಾರರು ತೊಗಲಿನ ಸಮೇತ ತೂಗುಹಾಕುತ್ತಾರೆ, ಅವರನ್ನು ನೋಡಿ ಇಲ್ಲಿ ಹಾಗೆ ಮಾಡಬೇಡಿ.

ಮೊದಲು ಹುಳಿಯಾಗುವುದು ಹಿಂದೊಡೆಯ ಒಳಗೆ, ಮೂಳೆಯ ಗುಂಡು ಸೊಂಟದ ಬಟ್ಟಲಿಗೆ ಕೂರುವ ಜಾಗದಲ್ಲಿ. ಅಲ್ಲಿ ಮಾಂಸ ದಪ್ಪ, ಬಿಸಿ ಹೊರಬರಲು ದಾರಿಯಿಲ್ಲ. ಹೊರಗಡೆ ಕೆಂಪಗೆ, ಒಣಗಿ ಚೆನ್ನಾಗಿ ಕಾಣುವ ತೊಡೆಯನ್ನು ಮನೆಗೆ ತಂದು ಕೊಯ್ದಾಗ ಮೂಳೆಯ ಸುತ್ತ ಹಸಿರು ಛಾಯೆ, ಕೊಳೆತ ನಾತ ಬರುವುದು ಇದರಿಂದಲೇ. ತೊಡೆಯ ಒಳಮಗ್ಗುಲಿನಲ್ಲಿ ಮೂಳೆಯ ಉದ್ದಕ್ಕೂ ಚೂರಿ ಎಳೆದು, ಕೀಲು ಬಿಡಿಸಿ, ಗಾಳಿ ಆಡುವಂತೆ ತೆರೆದಿಡಿ. ಪೂರ್ತಿ ಮೂಳೆ ತೆಗೆದರೆ ಇನ್ನೂ ಬೇಗ ತಣಿಯುತ್ತದೆ, ಹೊರಲು ತೂಕವೂ ಕಡಿಮೆ. ಒಂದು ಲೋಪ ಇದೆ: ತುಂಡು ಹೆಚ್ಚಾದಷ್ಟೂ ಮೇಲ್ಮೈ ಹೆಚ್ಚು, ಆಮೇಲೆ ಒಣಗಿದ ಪದರವೆಂದು ಕೊಯ್ದು ಎಸೆಯುವುದೂ ಹೆಚ್ಚು. ಬಿಸಿಯ ದಿನಗಳಲ್ಲಿ ಆ ನಷ್ಟ ಒಪ್ಪಿಕೊಳ್ಳುವುದೇ ಜಾಣತನ.

ಮಾಂಸವನ್ನು ನೀರಿನಲ್ಲಿ ತೊಳೆಯಬೇಡಿ. ಒದ್ದೆ ಮಾಂಸಕ್ಕೆ ನೊಣ ಮುತ್ತುತ್ತದೆ, ಸೂಕ್ಷ್ಮಜೀವಿಯೂ ಬೆಳೆಯುತ್ತದೆ. ರಕ್ತ, ಕೂದಲು ಅಂಟಿದ್ದರೆ ಒಣ ಬಟ್ಟೆಯಿಂದ ಒರೆಸಿ. ಗುಂಡು ಕರುಳಿಗೆ ತಾಗಿ ಸಗಣಿ ಸೋರಿದ್ದರೆ ಮಾತ್ರ ಆ ಭಾಗವನ್ನು ಕೊಯ್ದು ಬಿಸಾಡಿ, ಉಳಿದದ್ದನ್ನು ಬೇಗ ತೊಳೆದು ಚೆನ್ನಾಗಿ ಒರೆಸಿ ಒಣಗಿಸಿ. ಸೀಸದ ಗುಂಡು ಒಳಗೆ ಚೂರುಚೂರಾಗಿ, ಗಾಯದ ತೂತಿನಿಂದ ಆಚೆಗೂ ಚೆದುರಿರುತ್ತದೆ. ಕಣ್ಣಿಗೆ ಕಾಣದ ಚೂರುಗಳೂ ಇರುತ್ತವೆ. ಗಾಯದ ಸುತ್ತ ಒಂದು ಗೇಣು ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಮಕ್ಕಳು, ಬಸುರಿಯರು ಇರುವ ಮನೆಯಾದರೆ ತಾಮ್ರದ ಗುಂಡಿಗೆ ಬದಲಾಗುವುದು ಒಳ್ಳೆಯದು.

ನೊಣ ನಿಮಿಷಗಳಲ್ಲಿ ಬಂದು ಮೊಟ್ಟೆಯಿಡುತ್ತದೆ. ಅಕ್ಕಿಯ ನುಚ್ಚಿನಂತಹ ಬಿಳಿ ಗುಪ್ಪೆ ಕಂಡರೆ ಆಗಲೇ ಕೆರೆದು ತೆಗೆಯಿರಿ, ಒಂದು ದಿನ ಬಿಟ್ಟರೆ ಹುಳವಾಗುತ್ತದೆ. ಮಾಂಸವನ್ನು ಹತ್ತಿಯ ತೆಳು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬಿಸಿ ಮಾಂಸ ಅದರೊಳಗೆ ಬೆವತು ಅರ್ಧ ದಿನದಲ್ಲಿ ಲೋಳೆ ಕಟ್ಟುತ್ತದೆ. ಮಾಂಸದ ಮೇಲೆ ತೆಳುವಾದ ಒಣ ಪೊರೆ ಕಟ್ಟಿದರೆ ನೊಣದ ಕಾಟ ತಾನಾಗಿ ಇಳಿಯುತ್ತದೆ.

ಮರುಭೂಮಿಯ ರಾತ್ರಿಯೇ ನಿಮ್ಮ ಶೀತಲಗೃಹ. ಮೋಡವಿಲ್ಲದ, ಒಣ ಗಾಳಿಯ ಕಡೆ ಹಗಲಿನ ಬಿಸಿ ಸೂರ್ಯ ಮುಳುಗಿದ ಮೇಲೆ ನಿಲ್ಲುವುದಿಲ್ಲ. ಸಂಜೆ ಮಾಂಸದ ಚೀಲಗಳನ್ನು ಒಂದಕ್ಕೊಂದು ತಾಗದಂತೆ, ನರಿ ನಾಯಿಗಳ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿ. ಮರ ಸಿಗದಿದ್ದರೆ ಮೂರು ಕಬ್ಬಿಣದ ಪೈಪುಗಳ ತುದಿ ಕಟ್ಟಿ ಮುಕ್ಕಾಲಿ ಮಾಡಿಕೊಳ್ಳಬಹುದು. ರಾತ್ರಿಯಿಡೀ ತಣಿದ ಮಾಂಸವನ್ನು ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲೇ ಇಳಿಸಿ, ಒಟ್ಟಿಗೆ ಜೋಡಿಸಿ, ಟಾರ್ಪಾಲಿನ ಮೇಲಿಟ್ಟು ದಪ್ಪ ಕಂಬಳಿಗಳಿಂದ ಸುತ್ತಿ ನೆರಳಿಗೆ ಸೇರಿಸಿ. ಮಲಗುವ ಚೀಲವೂ ಆಗುತ್ತದೆ. ನಡುನಡುವೆ ಬಿಚ್ಚಿ ನೋಡುವ ಚಪಲ ಬೇಡ. ಸಂಜೆ ಮತ್ತೆ ತೂಗುಹಾಕಿ. ಹೀಗೆ ಮಾಡಲು ರಾತ್ರಿಯ ಚಳಿ 5 ಡಿಗ್ರಿಗಾದರೂ ಇಳಿಯಬೇಕು. ಅದಕ್ಕೆ ಒಂದು ಸಣ್ಣ ಥರ್ಮಾಮೀಟರ್ ಕಟ್ಟಿಟ್ಟುಕೊಳ್ಳಿ, ಅಂದಾಜು ಬೇಡ. ರಾತ್ರಿ ಅಷ್ಟಕ್ಕೆ ಇಳಿಯದಿದ್ದರೆ ಅದೇ ದಿನ ಐಸ್ ಪೆಟ್ಟಿಗೆಗೆ ಹಾಕಿ ಹೊರಡಬೇಕು.

ಐಸ್ ಪೆಟ್ಟಿಗೆ ಎರಡಿರಲಿ. ಕುಡಿಯುವುದು, ತಿನ್ನುವುದು ಒಂದರಲ್ಲಿ, ಅದನ್ನು ಗಳಿಗೆಗೊಮ್ಮೆ ತೆಗೆಯುತ್ತೇವೆ. ಮಾಂಸದ್ದು ಬೇರೆ, ಅದನ್ನು ತೆಗೆಯುವುದೇ ಇಲ್ಲ. ಹೊರಡುವ ಹಿಂದಿನ ದಿನವೇ ಪೆಟ್ಟಿಗೆಯೊಳಗೆ ಸ್ವಲ್ಪ ಐಸ್ ಹಾಕಿ ಗೋಡೆಗಳನ್ನು ತಣಿಸಿ. ಪುಡಿ ಐಸಿಗಿಂತ ಗಟ್ಟಿ ಇಟ್ಟಿಗೆ ಐಸ್ ಬಹಳ ಹೊತ್ತು ಬರುತ್ತದೆ. ಎರಡು ಲೀಟರಿನ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿದರಂತೂ ಕರಗಿದ ಮೇಲೆ ಕುಡಿಯುವ ನೀರೇ ಆಯಿತು. ತುಂಬುವಾಗ ಕುತ್ತಿಗೆಯ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಿ, ಇಲ್ಲವಾದರೆ ಬಾಟಲಿ ಬಿರಿಯುತ್ತದೆ. ಮಾಂಸ ಕರಗಿದ ನೀರಿನಲ್ಲಿ ಮುಳುಗಿ ಕೂರಬಾರದು. ತಳದಲ್ಲಿ ಜಾಲರಿ ಇಟ್ಟು, ಪೆಟ್ಟಿಗೆಯನ್ನು ಸ್ವಲ್ಪ ವಾಲಿಸಿ, ತೂತಿನ ಬಿರಡೆ ಸಡಿಲ ಬಿಡಿ.

ಹೆಚ್ಚಾದ ಮಾಂಸವನ್ನು ಉಪ್ಪುಕಂಡ ಮಾಡಬಹುದು. ಕೊಬ್ಬನ್ನು ಪೂರ್ತಿ ತೆಗೆಯಿರಿ, ಮಾಂಸ ಒಣಗಿದರೂ ಕೊಬ್ಬು ಕಮಟು ಹಿಡಿಯುತ್ತದೆ. ನಾರಿನ ಉದ್ದಕ್ಕೆ, ಅರ್ಧ ಸೆಂಟಿಮೀಟರಿಗೆ ತುಸು ಮೇಲೆ ದಪ್ಪ ಬರುವಂತೆ ಪಟ್ಟಿ ಕೊಯ್ದು, ಕಿಲೋಗೆ 25–30 ಗ್ರಾಂ ಉಪ್ಪು, ಕುಟ್ಟಿದ ಮೆಣಸು ಸವರಿ ಒಂದು ರಾತ್ರಿ ತಂಪಿನಲ್ಲಿಡಿ. ಕಾಡುಪ್ರಾಣಿಯ ಮಾಂಸದಲ್ಲಿ ರೋಗಾಣು, ಪರಾವಲಂಬಿ ಹುಳ ಇರಬಹುದಾದ್ದರಿಂದ ಒಣಗಿಸುವ ಮುನ್ನ ಒಳಗೆ 71 ಡಿಗ್ರಿ ತಲುಪುವಂತೆ ಬೇಯಿಸಿಕೊಳ್ಳುವುದು ಕ್ಷೇಮ. ಒಣಗಿಸುವಾಗ ಎಲ್ಲರೂ ಸುಡು ಬಿಸಿಲಿಗೆ ಹಾಕುತ್ತಾರೆ. ಆಗ ಹೊರಗೆ ಬೇಗ ಗಟ್ಟಿ ಸಿಪ್ಪೆ ಕಟ್ಟಿ, ಒಳಗಿನ ತೇವ ಅಲ್ಲೇ ಸಿಕ್ಕಿಕೊಂಡು, ವಾರದಲ್ಲಿ ಬೂಷ್ಟು ಬರುತ್ತದೆ. ನೆರಳಿನಲ್ಲಿ, ಗಾಳಿಗೆ, ತೆಳು ಬಟ್ಟೆ ಮುಚ್ಚಿ ಒಣಗಿಸಿ. ರಾತ್ರಿ ಇಬ್ಬನಿ ಬೀಳುವ ಕಡೆ ಒಳಗೆ ತನ್ನಿ. ಮಡಿಸಿದಾಗ ಬಿರುಕು ಬಿಟ್ಟು, ಎರಡು ತುಂಡಾಗದೆ ನಾರಿನಲ್ಲಿ ಹಿಡಿದಿದ್ದರೆ ಹದ ಬಂದಿದೆ. ಕಿಲೋ ಮಾಂಸ ಸುಮಾರು 350–400 ಗ್ರಾಂ ಆಗುತ್ತದೆ.

ಮರುಭೂಮಿಯ ಬೇಟೆಪ್ರಾಣಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಮೊಲ, ಜಿಂಕೆ ಮಾಂಸವೊಂದನ್ನೇ ದಿನಗಟ್ಟಲೆ ತಿಂದರೆ ಹೊಟ್ಟೆ ತುಂಬಿದರೂ ಹಸಿವು ಹೋಗುವುದಿಲ್ಲ, ಭೇದಿ, ನಿತ್ರಾಣ ಬರುತ್ತದೆ. ಎಣ್ಣೆಯನ್ನೂ, ಅನ್ನ ರೊಟ್ಟಿಯಂತಹ ಹಿಟ್ಟಿನ ಆಹಾರವನ್ನೂ ಧಾರಾಳವಾಗಿ ಒಯ್ಯಿರಿ. ನೀರು ಕಡಿಮೆಯಾದ ದಿನ ಮಾಂಸವನ್ನೂ ಕಡಿಮೆ ಮಾಡಬೇಕು, ಅದನ್ನು ಜೀರ್ಣಿಸಿ ಕಸ ಹೊರಹಾಕಲು ದೇಹಕ್ಕೆ ನೀರು ಹೆಚ್ಚು ಬೇಕು. ಮೊಲ ಸುಲಿಯುವಾಗ ಕೈಗವಸು ಹಾಕಿ. ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆ ಕಂಡರೆ ಇಡೀ ಮೊಲವನ್ನೇ ಬಿಡಿ, ಅದು ಟುಲರೀಮಿಯ ಎಂಬ, ಮನುಷ್ಯರಿಗೂ ಅಂಟುವ ರೋಗ ಇರಬಹುದು.

ಪಾತ್ರೆಗೆ ನೀರು ಸುರಿಯಬೇಡಿ. ಒಲೆಯ ತಣ್ಣನೆ ಬೂದಿ, ಒಣ ಮರಳು ಸೇರಿಸಿ ಉಜ್ಜಿದರೆ ಜಿಡ್ಡು ಬಿಡುತ್ತದೆ, ಬಟ್ಟೆಯಲ್ಲಿ ಒರೆಸಿ ಕೊನೆಗೆ ಒಂದು ಲೋಟ ಕುದಿಯುವ ನೀರಿನಲ್ಲಿ ಜಾಲಾಡಿ. ಅಲ್ಯೂಮಿನಿಯಂ ಪಾತ್ರೆಗೆ ಬೂದಿ ತಾಗಿಸಬೇಡಿ, ಕಪ್ಪು ಹಿಡಿಯುತ್ತದೆ. ಕೈ ತೊಳೆಯಲು ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ಎರಡು ತೂತು ಮಾಡಿಕೊಂಡರೆ ಸಾಕು. ಕೋವಿಗೆ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಇಲ್ಲಿ ಬಿಡಿ, ಎಣ್ಣೆ ಧೂಳು ಹಿಡಿದು, ತೋಟಾ ದೂಡುವ ಬೋಲ್ಟ್ ಮರಳುಕಾಗದವಾಗುತ್ತದೆ. ಒಣಗಿಸಿ ಒರೆಸಿ ಗ್ರಾಫೈಟ್ ಪುಡಿ ತಾಗಿಸಿ.

ಮಲಗಲು ಒಣ ಹಳ್ಳದ ಮೆತ್ತನೆ ಮರಳು ಕರೆಯುತ್ತದೆ, ಹೋಗಬೇಡಿ. ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ ನಿಮ್ಮ ತಲೆಯ ಮೇಲೆ ನಕ್ಷತ್ರ ಇರುವಾಗಲೇ ಹಳ್ಳ ತುಂಬಿ ಬರುತ್ತದೆ. ನೀರಿನ ಹೊಂಡದ ಪಕ್ಕದಲ್ಲೂ ಬಿಡಾರ ಹೂಡಬೇಡಿ, ಅರ್ಧ ಕಿಲೋಮೀಟರಾದರೂ ದೂರ ಇರಿ. ನೀವಿದ್ದರೆ ಪ್ರಾಣಿಗಳು ನೀರಿಗೆ ಬರುವುದಿಲ್ಲ. ಮಂಚ ನೆಲದಿಂದ ಮೇಲಿರಲಿ. ಬೂಟುಗಳನ್ನು ನೆಟ್ಟ ಕಡ್ಡಿಗಳ ಮೇಲೆ ಬಾಯಿ ಕೆಳಗಾಗಿ ಸಿಕ್ಕಿಸಿ, ಆದರೂ ಬೆಳಿಗ್ಗೆ ಒಮ್ಮೆ ಕೊಡವಿ. ನೇರಳಾತೀತ ಟಾರ್ಚ್ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ, ಮಲಗುವ ಮೊದಲು ಸುತ್ತ ಒಮ್ಮೆ ಹಾಯಿಸಿ. ಕಳ್ಳಿಯ ಮುಳ್ಳುಗುಪ್ಪೆ ಮೈಗೆ ಅಂಟಿದರೆ ಕೈಯಿಂದ ಕೀಳಲು ಹೋಗಬೇಡಿ, ಅದು ಕೈಗೆ ಅಂಟುತ್ತದೆ. ಬಾಚಣಿಗೆಯನ್ನು ಗುಪ್ಪೆಯ ಅಡಿಗೆ ತೂರಿಸಿ ಒಂದೇ ಸಲ ಎತ್ತಿ ಎಸೆಯಿರಿ, ಉಳಿದ ಮುಳ್ಳನ್ನು ಚಿಮಟದಿಂದ ತೆಗೆಯಿರಿ.

ಮನೆಗೆ ಬಂದ ಮೇಲೆ ಕ್ಯಾನ್ವಾಸ್ ಚೀಲವನ್ನು ಒಳಗು ಹೊರಗು ಮಾಡಿ ಒಣಗಿಸದೆ ಮಡಿಸಬೇಡಿ, ಒಂದು ವಾರದಲ್ಲೇ ಕರಿ ಬೂಷ್ಟು ಹಿಡಿದು ಮುಂದಿನ ಸಲಕ್ಕೆ ಬರುವುದಿಲ್ಲ. ಮಾಂಸದ ಬಟ್ಟೆಗಳನ್ನು ಮೊದಲು ತಣ್ಣೀರಿನಲ್ಲೇ ನೆನೆಸಿ. ಬಿಸಿನೀರು ಹಾಕಿದರೆ ರಕ್ತದ ಕಲೆ ನೂಲಿನಲ್ಲಿ ಕೂತುಬಿಡುತ್ತದೆ. ಕಲೆ ಹೋದ ಮೇಲೆ ಒಮ್ಮೆ ಕುದಿಸಿ, ಪರಿಮಳದ ಸೋಪು ಹಾಕದೆ ಬಿಸಿಲಿಗೆ ಒಣಗಿಸಿ. ನೀರಿನ ಕ್ಯಾನುಗಳು ಮುಚ್ಚಳ ತೆಗೆದೇ ಇರಲಿ, ವಾಷರನ್ನು ಬಿಡಿಸಿ ಕ್ಯಾನಿನ ಹಿಡಿಗೆ ದಾರದಲ್ಲಿ ಕಟ್ಟಿಬಿಡಿ.