ಹೆಣ್ಣುಮಕ್ಕಳ ಸಂಘ ಶುರು ಮಾಡುವ ಟೀಚರಿಗೆ

ನಾನು ಶಿರಾ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಹೊಸದಾಗಿ ಬಂದವರು ಕೇಳ್ತಾರೆ, "ಮೇಡಂ, ಸಂಘ ಶುರು ಮಾಡ್ಬೇಕು, ಭಾಷಣಕ್ಕೆ ಯಾರನ್ನ ಕರೆಯೋಣ?" ಯಾರೂ ಬೇಡ. ಮೀನಾ ತಂಡವೋ ಕಿಶೋರಿ ಸಂಘವೋ, ಹೆಸರು ಏನಾದರೂ ಇರಲಿ, ಮೊದಲು ಹೆಡ್ಮಾಸ್ಟರನ್ನು ಕಾಡಿಬೇಡಿ ವೇಳಾಪಟ್ಟಿಯಲ್ಲೇ ಒಂದು ಪಿರಿಯಡ್ ಗಿಟ್ಟಿಸಿಕೊಳ್ಳಿ. ಶಾಲೆ ಬಿಟ್ಟ ಮೇಲೆ ಇಟ್ಟರೆ ಹಳ್ಳಿ ಬಸ್ಸು ತಪ್ಪುತ್ತೆ. ಹುಡುಗಿ ಕತ್ತಲಾದ ಮೇಲೆ ಮನೆ ಸೇರಿದಳೋ, ಸಂಘವಿರಲಿ, ಶಾಲೆಯನ್ನೇ ಬಿಡಿಸಿಬಿಡ್ತಾರೆ.

ಆಮೇಲೆ ಕೆಲಸ ಹಂಚಿ. ಪ್ರಾರ್ಥನೆಯಲ್ಲಿ ಪೇಪರ್ ಓದೋದು, ಲ್ಯಾಬಿನ ಬೀಗದ ಕೈ, ಆಟದ ಸಾಮಾನಿನ ಲೆಕ್ಕ, ಎಲ್ಲವೂ ಸರದಿಯಲ್ಲಿ ಹಿಂದಿನ ಬೆಂಚಿನವರಿಗೂ ಸಿಗಬೇಕು. ಮೈಕ್ ಹಿಡಿದು ನಡುಗಿದರೆ ನಡುಗಲಿ, ಪಕ್ಕದಲ್ಲಿ ನಿಂತು ಪಿಸುಗುಟ್ಟಬೇಡಿ. ಗುಡಿಸೋದು, ರಂಗೋಲಿ ಹುಡುಗಿಯರಿಗೆ, ಬೆಂಚ್ ಎತ್ತೋದು ಹುಡುಗರಿಗೆ ಅಂತ ಪದ್ಧತಿ ಹಾಕಿದವರು ನಾವೇ ಮೇಷ್ಟ್ರುಗಳು. ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿ. "ನನ್ನ ಮಗನ ಕೈಗೆ ಪೊರಕೆ ಕೊಟ್ಟಿದೀರಂತೆ" ಅಂತ ಒಬ್ಬ ತಂದೆ ಬಂದಿದ್ದರು. "ಹೌದು ಸಾರ್, ಮೂಲೆಮೂಲೆ ಗುಡಿಸ್ತಾನೆ" ಅಂದೆ.

ಮುಟ್ಟಿನ ಪಾಠಕ್ಕೆ ಚಾರ್ಟ್ ಸಾಲದು. ಸರ್ಕಾರದ ಶುಚಿ ಯೋಜನೆಯಲ್ಲಿ ಶಾಲೆಗೆ ಪ್ಯಾಡ್ ಬಂದಿದ್ದರೆ ಅದು, ಇಲ್ಲವಾದರೆ ಅಂಗಡಿಯದ್ದು ಮೇಜಿನ ಮೇಲಿಡಿ. ಅಳತೆ ಜಾಡಿಯಲ್ಲಿ 40 ಮಿ.ಲೀ. ಕೆಂಪು ನೀರು ತೋರಿಸಿ. ಒಂದು ಸಲದ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿ.ಲೀ., 80 ದಾಟಿದರೆ ಡಾಕ್ಟರಿಗೆ ತೋರಿಸಬೇಕು. "ಇಷ್ಟೇನಾ ಮಿಸ್?" ಅಂತ ಯಾರೋ ಬಾಯಿ ಬಿಡ್ತಾರೆ, ಅಲ್ಲಿಂದ ಮಾತು ತಾನಾಗಿ ಹರಿಯುತ್ತೆ. ಪ್ರಶ್ನೆ ಪೆಟ್ಟಿಗೆ ಇಟ್ಟರೆ ಎಲ್ಲರೂ ಚೀಟಿ ಹಾಕಲಿ, ಖಾಲಿ ಚೀಟಿಯಾದರೂ ಸರಿ. ಆಗ ಕೇಳಿದವಳು ಯಾರು ಅಂತ ಗೊತ್ತಾಗೋಲ್ಲ.

ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ವಾದ ಬೇಡ, ಲ್ಯಾಬಿನಲ್ಲಿ ನಿಂಬೆ ಉಪ್ಪಿನಕಾಯಿ ಜಾಡಿ ಇಡಿ. ಒಂದೂವರೆ ತಿಂಗಳು ದಿನವೂ ಎಲ್ಲ ಹುಡುಗಿಯರೂ ಒಣ ಚಮಚದಲ್ಲಿ ತಿರುವಲಿ. ಯಾರಿಗೆ ಯಾವತ್ತು ಅಂತ ಕೇಳಲೇಬೇಡಿ, ಅಷ್ಟರಲ್ಲಿ ಹೆಚ್ಚಿನವರಿಗೆ ಮುಟ್ಟು ಬಂದುಹೋಗಿರುತ್ತೆ. ಪಕ್ಕದ ಜಾಡಿಗೆ ಒದ್ದೆ ಚಮಚ ಹಾಕಿ. ಬೂಷ್ಟು ಯಾವುದಕ್ಕೆ ಬಂತು ಅಂತ ಮನೆಗೆ ಹೋಗಿ ಅಜ್ಜಿಗೆ ಅವರೇ ಹೇಳ್ತಾರೆ. ಈ ಪ್ರಯೋಗ ಹುಡುಗರೂ ನೋಡಲಿ.

ಹತ್ತನೇ ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮದುವೆ ಮಾತು ಏಳೋದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಬಾಯಿಪಾಠವಾಗಿರಲಿ.

ಶೌಚಾಲಯದ ಚಿಲಕ ಮುರಿದಿದ್ದರೆ ನೀವು ಓಡಾಡಬೇಡಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ಕೇಳಲಿ, ಅರ್ಜಿ ಕೊಡಲಿ. ನಕಲು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬಾರದು ಅಂತ ಮೊದಲೇ ಹೇಳಿಕೊಡಿ.