ಕ್ರೋಮಿಯಂ ಮಾತ್ರೆ ಮತ್ತು ನನ್ನ ಶುಗರ್ ಪುಸ್ತಕ

ನನಗೆ ಶುಗರ್ ಬಂದು 6 ವರ್ಷ. ಶುಗರ್‌ಗೆ ಮೆಟ್ಫಾರ್ಮಿನ್ ಮಾತ್ರೆ ದಿನಕ್ಕೆ 2 ಸಲ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಕಳೆದ ವರ್ಷ ಎಚ್‌ಬಿಎ1ಸಿ (ಸುಮಾರು 3 ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.8 ಬಂತು. ಸುದ್ದಿ ಕೇಳಿ ಅತ್ತಿಗೆ ಫೋನ್ ಮಾಡಿದರು. "ಕ್ರೋಮಿಯಂ ಅಂತ ಒಂದು ಖನಿಜದ ಮಾತ್ರೆ ಇದೆ, ತಗೊಂಡು ನೋಡೇ, ನಮ್ಮ ಪಕ್ಕದ ಮನೆಯವರಿಗೆ ಶುಗರ್ ಇಳಿದಿದೆ" ಅಂದರು. ಡಾಕ್ಟರನ್ನು ಕೇಳದೆ ಅವತ್ತೇ ಸಂಜೆ ಔಷಧಿ ಅಂಗಡಿಯಿಂದ ತಂದೆ.

3 ತಿಂಗಳು ತಪ್ಪದೆ ನುಂಗಿದೆ. ಎಚ್‌ಬಿಎ1ಸಿ 7.1ಕ್ಕೆ ಇಳಿಯಿತು. ಖುಷಿಯಲ್ಲಿ ಸಿಕ್ಕವರಿಗೆಲ್ಲ ಆ ಮಾತ್ರೆಯ ಹೆಸರು ಹೇಳಿದ್ದೇ ಹೇಳಿದ್ದು. ಆದರೆ ಮಾತ್ರೆ ಶುರು ಮಾಡಿದ ವಾರವೇ ನಾನು ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ ಶುರು ಮಾಡಿದ್ದೆ, ಮಧ್ಯಾಹ್ನ ಊಟ ಆದ ಮೇಲೆ 20 ನಿಮಿಷ ನಡೆಯೋದನ್ನೂ ಶುರು ಮಾಡಿದ್ದೆ. ಮೂರನ್ನೂ ಒಟ್ಟಿಗೆ ಮಾಡಿ ಹೊಗಳಿಕೆಯನ್ನೆಲ್ಲ ಮಾತ್ರೆಗೆ ಕೊಟ್ಟೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ, ಯಾಕೆಂದರೆ ನನ್ನ ಮಾತು ನಂಬಿ ಕೆಲವರು ದುಡ್ಡು ಹಾಕಿದರು.

ಅದೇ ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಅಳತೆ, ಏರಿದರೆ ಥೈರಾಯ್ಡ್ ಸಾಲುತ್ತಿಲ್ಲ ಅಂತ) 2.8 ಇದ್ದದ್ದು 6.9 ಆಗಿತ್ತು. "ಹೊಸದಾಗಿ ಏನಾದರೂ ತಗೊಳ್ತಿದ್ದೀರಾ?" ಅಂತ ಡಾಕ್ಟರ್ ಕೇಳಿದರು. ಆಗ ಬಾಯಿಬಿಟ್ಟೆ. ಮರೆಯಬಾರದು ಅಂತ ಕ್ರೋಮಿಯಂ ಮಾತ್ರೆಯನ್ನೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗುತ್ತಿದ್ದೆ. ಕ್ರೋಮಿಯಂ ಜೊತೆಗಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತದೇ ಹೋಗಬಹುದು, ಎರಡರ ನಡುವೆ 3–4 ಗಂಟೆ ಬಿಡಬೇಕು ಅಂದರು. ಸದ್ಯಕ್ಕೆ ಕ್ರೋಮಿಯಂ ನಿಲ್ಲಿಸಿ ಅಂದರು, ನಿಲ್ಲಿಸಿದೆ. 2 ತಿಂಗಳಿಗೆ ಟಿಎಸ್‌ಎಚ್ 3.1 ಆಯಿತು.

ಮಾತ್ರೆ ನಿಲ್ಲಿಸಿದ್ದರಿಂದ ನನಗೊಂದು ಅವಕಾಶ ಸಿಕ್ಕಿತು. ರೊಟ್ಟಿ, ನಡಿಗೆ ಹಾಗೇ ಇಟ್ಟೆ. ಒಂದು ನೋಟ್‌ಪುಸ್ತಕ ಮಾಡಿದೆ. ವಾರಕ್ಕೆ 2 ದಿನ, ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಲ, ಮಧ್ಯಾಹ್ನ ಊಟವಾಗಿ 2 ಗಂಟೆಗೆ ಇನ್ನೊಂದು ಸಲ ಗ್ಲುಕೋಮೀಟರಿನಲ್ಲಿ ನೋಡುವುದು, ಆ ಎರಡು ದಿನ ಊಟವೂ ಒಂದೇ ಥರ: 2 ಚಪಾತಿ, ಪಲ್ಯ, ಒಂದು ಸೌಟು ಅನ್ನ, ಹುಳಿ, ಮಜ್ಜಿಗೆ. ಊಟ ಬದಲಾದರೆ ಲೆಕ್ಕವೇ ಕೆಡುತ್ತದೆ ಅಲ್ವಾ. 3 ತಿಂಗಳ ನಂತರ, ಕ್ರೋಮಿಯಂ ಇಲ್ಲದೆಯೇ, ಎಚ್‌ಬಿಎ1ಸಿ 7.0.

ಆದರೂ ಮನಸ್ಸು ಒಪ್ಪಲಿಲ್ಲ. ಹಾಗಾದರೆ ಇಷ್ಟು ಜನ ಯಾಕೆ ಹೇಳುತ್ತಾರೆ ಅಂತ ಓದಲು ಕುಳಿತೆ. 1950ರ ದಶಕದ ಕೊನೆಗೆ ಕ್ಲಾಸ್ ಶ್ವಾರ್ಜ್ ಮತ್ತು ವಾಲ್ಟರ್ ಮೆರ್ಟ್ಜ್ ಅನ್ನುವವರು ಇಲಿಗಳ ಮೇಲೆ ಪ್ರಯೋಗ ಮಾಡಿ, ಸಕ್ಕರೆ ಸರಿಯಾಗಿ ಬಳಕೆಯಾಗಲು ಕ್ರೋಮಿಯಂ ಬೇಕು ಅಂದಿದ್ದರು. ಇನ್ಸುಲಿನ್ ಜೀವಕೋಶಕ್ಕೆ ಕೊಡುವ ಸೂಚನೆಯನ್ನು ಇದು ಇನ್ನಷ್ಟು ಬಲಪಡಿಸುತ್ತದೆ ಅನ್ನುವುದು ವಾದ. 1977ರಲ್ಲಿ ಕೆನಡಾದ ಒಬ್ಬ ಮಹಿಳೆಯ ವಿಷಯ ಪ್ರಕಟವಾಯಿತು. ವರ್ಷಗಟ್ಟಲೆ ಆಕೆಗೆ ರಕ್ತನಾಳದ ಮೂಲಕವೇ ಆಹಾರ. ಸಕ್ಕರೆ ಏರಿ ದಿನಕ್ಕೆ 45 ಯೂನಿಟ್ ಇನ್ಸುಲಿನ್ ಬೇಕಾಯಿತು. ಆ ದ್ರವಕ್ಕೆ 2 ವಾರ ಕ್ರೋಮಿಯಂ ಸೇರಿಸಿದ ಮೇಲೆ ಇನ್ಸುಲಿನ್ ಬೇಡವಾಯಿತು. ಓದಿ ಮೈ ಜುಂ ಅಂದಿತು. ಆದರೆ ಆಕೆಗೆ ಬಾಯಿಯಿಂದ ಊಟವೇ ಇರಲಿಲ್ಲ. ನಾನು ಮೂರು ಹೊತ್ತು ಉಣ್ಣುವವಳು. ಅಮೆರಿಕದವರ ಲೆಕ್ಕದಲ್ಲಿ ನಮ್ಮಂಥ ಹೆಂಗಸರಿಗೆ ದಿನಕ್ಕೆ 20–25 ಮೈಕ್ರೋಗ್ರಾಂ ಸಾಕು. ಕಾಳು, ತರಕಾರಿ, ತೌಡು ತೆಗೆಯದ ಧಾನ್ಯದಲ್ಲಿ ಸ್ವಲ್ಪ ಸ್ವಲ್ಪ ಸಿಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಅದರಿಂದಲೂ ಒಂದಿಷ್ಟು ಅಡುಗೆಗೆ ಇಳಿಯುತ್ತದೆ!

1997ರ ಚೀನಾದ ಅಧ್ಯಯನವೂ ಇದೆ. 180 ಜನ, 4 ತಿಂಗಳು. ದಿನಕ್ಕೆ 1000 ಮೈಕ್ರೋಗ್ರಾಂ ತಗೊಂಡವರ ಎಚ್‌ಬಿಎ1ಸಿ 6.6, ಸುಮ್ನೆ ಹಿಟ್ಟಿನ ಮಾತ್ರೆ ತಗೊಂಡವರದು 8.5. ದೊಡ್ಡ ವ್ಯತ್ಯಾಸವೇ. ಆದರೆ ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. 2014ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಕ್ರೋಮಿಯಂ ದೇಹಕ್ಕೆ ಬೇಕೇ ಬೇಕು ಅನ್ನುವುದಕ್ಕೇ ಗಟ್ಟಿ ಆಧಾರ ಇಲ್ಲ ಅಂತ ಹೇಳಿಬಿಟ್ಟಿತು.

ಓದುವಾಗಲೇ ಇನ್ನೊಂದು ಗೊತ್ತಾಯಿತು. ನನ್ನ ಹಳೇ ಡಬ್ಬಿಯ ಮೇಲೆ 200 ಮೈಕ್ರೋಗ್ರಾಂ ಅಂತಿದ್ದದ್ದು ಕ್ರೋಮಿಯಂ ಪಿಕೋಲಿನೇಟ್‌ನ (ಕ್ರೋಮಿಯಂ ಬೇರೊಂದು ವಸ್ತುವಿನ ಜೊತೆ ಸೇರಿದ ರೂಪ) ತೂಕ. ಅದರಲ್ಲಿ ನಿಜವಾದ ಕ್ರೋಮಿಯಂ ಸುಮಾರು 12 ಪರ್ಸೆಂಟ್, ಅಂದರೆ 25 ಮೈಕ್ರೋಗ್ರಾಂ ಅಷ್ಟೇ. ಹೊಟ್ಟೆಗೆ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಅದಕ್ಕಿಂತಲೂ ತೀರಾ ಕಡಿಮೆ. ಹಾಗಾಗಿ ಡಾಕ್ಟರಿಗೆ ಹೇಳಿ, ಕಿಡ್ನಿ ಪರೀಕ್ಷೆ ಮಾಡಿಸಿ, ಕ್ರೋಮಿಯಮ್ಮೇ 200 ಮೈಕ್ರೋಗ್ರಾಂ ಇರುವ ಮಾತ್ರೆ ತಂದು ಇನ್ನೊಂದು 3 ತಿಂಗಳು ರಾತ್ರಿ ಊಟದ ಮೇಲೆ ತಗೊಂಡೆ. ಬೇರೆ ಏನನ್ನೂ ಬದಲಾಯಿಸಲಿಲ್ಲ. ಎಚ್‌ಬಿಎ1ಸಿ 6.9 ಬಂತು. 7.0ಕ್ಕೂ 6.9ಕ್ಕೂ ಇರುವ ಆ ಒಂದು ಚುಕ್ಕೆ ಲ್ಯಾಬಿನ ಯಂತ್ರದಲ್ಲೇ ಹೆಚ್ಚುಕಮ್ಮಿ ಆಗುವಂಥದ್ದು.

ಪುಸ್ತಕದಲ್ಲಿ ಎದ್ದು ಕಾಣುವುದು ಬೇರೆ ಜಾಗ. ನಮ್ಮ ಶಿವಮೊಗ್ಗದಲ್ಲಿ ಜುಲೈ ಮಳೆ ಹಿಡಿದು 2 ವಾರ ಹೊರಗೆ ಹೋಗಲಾಗಲಿಲ್ಲ. ಕ್ರೋಮಿಯಂ ದಿನಾ ನುಂಗುತ್ತಲೇ ಇದ್ದೆ. ಊಟದ ನಂತರ 155–160 ಇರುತ್ತಿದ್ದದ್ದು 190 ದಾಟಿತು. ಆಮೇಲೆ ಮನೆಯ ಹಜಾರದಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಲು ಶುರು ಮಾಡಿದೆ, ಒಂದೇ ವಾರದಲ್ಲಿ 165ಕ್ಕೆ ಬಂತು.

ಡಬ್ಬಿ ಖಾಲಿಯಾದ ಮೇಲೆ ಮತ್ತೆ ತರಲಿಲ್ಲ. ಅತ್ತಿಗೆಗೂ ಹೇಳಿದೆ. ಅವರು ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು, ಅದರ ಜೊತೆ ಕ್ರೋಮಿಯಂ ಕೂಡ ಸೇರಿದರೆ ಶುಗರ್ ಜಾಸ್ತಿ ಇಳಿದು ತಲೆ ಸುತ್ತಬಹುದು. ಅವರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಳತೆ) ಬೇರೆ ಸ್ವಲ್ಪ ಏರಿದೆ. ಕ್ರೋಮಿಯಂ ಹೆಚ್ಚು ಪ್ರಮಾಣದಲ್ಲಿ ತಗೊಂಡು ಕಿಡ್ನಿಗೆ ತೊಂದರೆಯಾದ ಉದಾಹರಣೆಗಳು ವರದಿಯಾಗಿವೆ. ಮುಂದಿನ ಬುಧವಾರ ಅವರ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ. ಕ್ರೋಮಿಯಂ ಮಾತ್ರೆಯ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ ಅಂದಿದ್ದೇನೆ.